ಸಬ್ರಾತದ ನ್ಯಾಯಸಭೆಯಲ್ಲಿ ಅಪುಲೇಯಸ್

ಆಫ್ರಿಕದ ಉತ್ತರ ತೀರದಲ್ಲಿ, ಇಂದಿನ ಲಿಬಿಯ ದೇಶದೊಳಗೆ, ಲೆಪ್ಟಿಸ್, ಓಯ, ಸಬ್ರಾತ ಎಂಬ ಮೂರು ಪ್ರಾಚೀನ ನಗರಗಳಿದ್ದುವು. ಫಿನೀಷಿಯದ ವಣಿಕರು ನೆಲೆಗೊಳಿಸಿದ ಈ ಪಟ್ಟಣಗಳು ಕಾಲಾಂತರದಲ್ಲಿ ರೋಮನರ ಆಳ್ವಿಕೆಗೆ ಸಂದುವು. ಮೂರು ನಗರಗಳೆಂಬ ಅರ್ಥದ ಗ್ರೀಕ್ ಹೆಸರೇ ಟ್ರಿಪೊಲಿಯಾಗಿ ಓಯಕ್ಕೆ ಉಳಿದುಕೊಂಡಿದೆ. ಸಬ್ರಾತದ ಕಂಬಗಳು ಕಡಲ ದಂಡೆಯಲ್ಲಿ ಈಗಲೂ ನಿಂತಿವೆ. ಕ್ರಿ. ಶ. 158ರ ಸುಮಾರಿನಲ್ಲಿ ಅಲ್ಲಿ ನಡೆದ ಒಂದು ವಿಚಾರಣೆಯಲ್ಲಿ ಲ್ಯಾಟಿನ್ ಸಾಹಿತ್ಯದ ಶ್ರೇಷ್ಠ ಕಥೆಗಾರನೊಬ್ಬನ ತಲೆಯೇ ಪಣಕ್ಕೆ ಬಿದ್ದಿತ್ತು.

ಅಪುಲೇಯಸ್ ಹುಟ್ಟಿದ್ದು 125ರ ಸುಮಾರಿನಲ್ಲಿ, ಇಂದಿನ ಆಲ್ಜೀರಿಯದ ಒಳನಾಡಿನಲ್ಲಿದ್ದ ಮದೌರದಲ್ಲಿ. ತಂದೆ ಊರಿನ ಅಧಿಕಾರಿ. ಇಬ್ಬರು ಮಕ್ಕಳಿಗೆ ಸುಮಾರು ಇಪ್ಪತ್ತು ಲಕ್ಷ ಸೆಸ್ಟರ್ಸ್ ನಾಣ್ಯಗಳ ಆಸ್ತಿಯನ್ನು ಬಿಟ್ಟುಹೋದ. ಮಗ ಅದರ ಬಹುಭಾಗವನ್ನು ವಿದ್ಯೆಗೂ ಪ್ರವಾಸಕ್ಕೂ ಮಿತ್ರರಿಗೂ ವೆಚ್ಚಮಾಡಿದ. ಕಾರ್ಥೇಜಿನಲ್ಲಿ ಅಲಂಕಾರಶಾಸ್ತ್ರ, ಅಥೆನ್ಸಿನಲ್ಲಿ ಪ್ಲೇಟೋವಿನ ತತ್ತ್ವ, ಆಮೇಲೆ ರೋಮ್.

ಅಲೆಗ್ಸಾಂಡ್ರಿಯಕ್ಕೆ ಹೊರಟವನು ದಾರಿಯಲ್ಲಿ ಕಾಯಿಲೆಬಿದ್ದು ಓಯದಲ್ಲಿ ನಿಂತ. ಅಥೆನ್ಸಿನ ಗೆಳೆಯ ಪಾಂಟಿಯಾನಸನ ಊರು ಅದು. ಅವನ ತಾಯಿ ಪುಡೆಂಟಿಲ್ಲ ಗಂಡ ಸತ್ತು ಹಲವು ವರ್ಷಗಳಾಗಿದ್ದ ಶ್ರೀಮಂತೆ. ಆಕೆಯ ಆಸ್ತಿ ನಲವತ್ತು ಲಕ್ಷ. ಹೊರಗಿನವನಾರೋ ಬಂದು ತಾಯಿಯನ್ನು ವರಿಸುವುದಕ್ಕಿಂತ ತನ್ನ ಮಿತ್ರನೇ ಮೇಲೆಂದು ಮಗನೇ ಈ ಸಂಬಂಧವನ್ನು ಕುದುರಿಸಿದ. ಮದುವೆ ಹಳ್ಳಿಯ ತೋಟದ ಮನೆಯಲ್ಲಿ ನಡೆಯಿತು. ಮಗನ ಮದುವೆಯಲ್ಲಿ ಊರ ಜನಕ್ಕೆ ಐವತ್ತು ಸಾವಿರ ಹಂಚಿದ್ದಾಗಿತ್ತು. ಮತ್ತೊಮ್ಮೆ ಹಂಚಲು ಆಕೆಗೆ ಮನಸ್ಸಿರಲಿಲ್ಲ!

ಪಾಂಟಿಯಾನಸ್ ತೀರಿಕೊಂಡ ಬಳಿಕ ಮೊದಲ ಗಂಡನ ಸೋದರ ಎಮಿಲಿಯಾನಸ್, ಕಿರಿಯ ಮಗ ಪುಡೆನ್ಸನ ಹೆಸರನ್ನು ಮುಂದಿಟ್ಟುಕೊಂಡು, ಅಪುಲೇಯಸ್ ಮಾಟದಿಂದ ವಿಧವೆಯನ್ನು ವಶಮಾಡಿಕೊಂಡನೆಂದು ದೂರಿತ್ತ. ರೋಮನ್ ಕಾನೂನಿನಲ್ಲಿ ಮಾಟಕ್ಕೆ ಮರಣದಂಡನೆಯಿತ್ತು. ಕುಳಿತು ಕೇಳಿದವನು ಪ್ರಾಂತಾಧಿಪತಿ ಕ್ಲಾಡಿಯಸ್ ಮ್ಯಾಕ್ಸಿಮಸ್, ಸ್ವತಃ ತತ್ತ್ವಜ್ಞಾನಿ. ಅದು ಆರೋಪಿಯ ಭಾಗ್ಯವೆನ್ನಬೇಕು.

ಆರೋಪಗಳು ವಿಚಿತ್ರವಾಗಿದ್ದುವು. ಈತ ಮೀನು ಕೊಳ್ಳುತ್ತಾನೆ; ಕನ್ನಡಿ ಇಟ್ಟುಕೊಂಡಿದ್ದಾನೆ; ಹಲ್ಲುಪುಡಿಯ ಮೇಲೆ ಪದ್ಯ ಕಟ್ಟಿದ್ದಾನೆ; ಹುಡುಗನೊಬ್ಬ ಇವನೆದುರಿಗೆ ಮೂರ್ಛೆಬಿದ್ದ. ಮೀನನ್ನು ತಾನು ಅರಿಸ್ಟಾಟಲನಂತೆ ಸೀಳಿ ಪರೀಕ್ಷಿಸುತ್ತಿದ್ದುದಾಗಿಯೂ ಹುಡುಗನಿಗೆ ಅಪಸ್ಮಾರವಿದ್ದುದಾಗಿಯೂ ಅಪುಲೇಯಸ್ ಉತ್ತರವಿತ್ತ. ಅವನ ಉತ್ತರದಲ್ಲಿ ವಿನಯ ಕಡಮೆ; ಎದುರಾಳಿಗೆ ಗ್ರೀಕ್ ಬಾರದೆಂದು ಹಂಗಿಸುವ ಸಂದರ್ಭವನ್ನು ಅವನು ಒಂದನ್ನೂ ಬಿಟ್ಟಂತೆ ಕಾಣದು.

ನಿಜವಾದ ಅಪಾಯವಿದ್ದುದು ಒಂದು ಪತ್ರದಲ್ಲಿ. ಅಪುಲೇಯಸ್ ಮಾಂತ್ರಿಕ, ತನಗೆ ಮಾಟವಾಗಿದೆ ಎಂದು ಪುಡೆಂಟಿಲ್ಲಳೇ ಮಗನಿಗೆ ಬರೆದಿದ್ದಳು. ವಿರೋಧಿಗಳು ಆ ಸಾಲನ್ನು ಪೇಟೆಯಲ್ಲೆಲ್ಲ ತೋರಿಸಿದ್ದರು. ಅಪುಲೇಯಸ್ ಪತ್ರವನ್ನು ಇಡಿಯಾಗಿ ಓದಿಸಿದ. ನೀನೇ ಹೊಗಳಿದವನು ಈಗ ದುರ್ಜನರ ಮಾತಿನಿಂದ ಹಠಾತ್ತನೆ ಮಾಂತ್ರಿಕನಾದನೇ ಎಂದು ಆಕೆ ಮಗನನ್ನು ಹಂಗಿಸಿದ್ದಳಷ್ಟೆ. ಹಿಂದುಮುಂದನ್ನು ಕತ್ತರಿಸಿ ವ್ಯಂಗ್ಯವನ್ನು ಸಾಕ್ಷ್ಯವಾಗಿಸಿದ್ದರು. ಪಾಠಾಂತರಗಳೊಡನೆ ಹೆಣಗುವವರೆಲ್ಲ ಈ ಪ್ರಸಂಗವನ್ನು ಓದಬೇಕು.

ಕೊನೆಗೆ ಹಣದ ಲೆಕ್ಕ. ವರದಕ್ಷಿಣೆ ಮೂರು ಲಕ್ಷ ಮಾತ್ರ. ಅದೂ ಆಕೆ ಮಕ್ಕಳಾಗದೆ ಸತ್ತರೆ ಮೊದಲ ಮಕ್ಕಳಿಗೇ ಮರಳತಕ್ಕದ್ದು. ಉಯಿಲನ್ನು ಒಡೆದು ನೋಡಿದರೆ ವಾರಸುದಾರ ಪುಡೆನ್ಸನೇ! ಮಗನ ಮೇಲೆ ಮುನಿದ ತಾಯಿಯನ್ನು ಹಾಗೆ ಬರೆಯುವಂತೆ ಒಪ್ಪಿಸಿದವನು ಈ ಮಲತಂದೆ.

ತೀರ್ಪು ಎಲ್ಲಿಯೂ ಗ್ರಂಥಸ್ಥವಾಗಿಲ್ಲ. ಆದರೆ 160ರ ದಶಕದಲ್ಲಿ ಅವನು ಕಾರ್ಥೇಜಿನಲ್ಲಿ ಪ್ರಸಿದ್ಧ ವಾಗ್ಮಿಯಾಗಿದ್ದ; ಅವನ ಗೌರವಾರ್ಥವಾಗಿ ಪ್ರತಿಮೆಯೂ ಏರ್ಪಟ್ಟಿತು. ಇಡಿಯಾಗಿ ಉಳಿದುಬಂದಿರುವ ಏಕೈಕ ಪ್ರಾಚೀನ ಲ್ಯಾಟಿನ್ ಕಾದಂಬರಿ ಅವನದು: ಹನ್ನೊಂದು ಭಾಗಗಳ ‘ಚಿನ್ನದ ಕತ್ತೆ’. ಅದರ ನಾಯಕ ಲೂಸಿಯಸ್ ಮಾಟದ ಕುತೂಹಲಕ್ಕೆ ಸಿಕ್ಕಿ ಕತ್ತೆಯಾಗುತ್ತಾನೆ. ಇಂಥ ಪುಸ್ತಕ ಆಗಲೇ ಇದ್ದಿದ್ದರೆ ಎಮಿಲಿಯಾನಸ್ ಅದನ್ನು ಎತ್ತಿ ತೋರಿಸದೆ ಇರುತ್ತಿದ್ದನೇ? ಆದುದರಿಂದಲೇ ಕಾದಂಬರಿ ವಿಚಾರಣೆಗೆ ಈಚಿನದೆಂದು ಅನೇಕ ವಿದ್ವಾಂಸರ ಊಹೆ. ಕಡೆಯ ಭಾಗದಲ್ಲಿ ನಾಯಕನನ್ನು ಮದೌರದವನೆಂದು ಕರೆದಿರುವುದು ಕುಚೇಷ್ಟೆಯೇ ಸರಿ. ಸುಮಾರು ಇನ್ನೂರೈವತ್ತು ವರ್ಷಗಳ ಮೇಲೆ, ಅದೇ ಮದೌರದಲ್ಲಿ ಓದಿದ್ದ ಸಂತ ಆಗಸ್ಟೀನ್, ಕತ್ತೆಯಾದ ಕಥೆ ಅಪುಲೇಯಸನ ಸ್ವಂತ ಅನುಭವವೋ ಕಲ್ಪನೆಯೋ ಎಂಬುದನ್ನು ತೀರ್ಮಾನಿಸದೆ ಬಿಟ್ಟಿದ್ದಾನೆ.