ರಂಗೂನಿನ ಗುಮಾಸ್ತೆಯ ಕಾದಂಬರಿಗೆ ಮಂದಿ ಮುಗಿಬಿದ್ದದ್ದು ಯಾಕೆ?

ಸಿಂಧನೂರಿನ ಬಸ್‌ ಸ್ಟ್ಯಾಂಡಿನಲ್ಲಿ ಆರ್.ಎಚ್. ಕ್ಯಾಂಪ್ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ನಮ್ಮ ಮಾತಿನಲ್ಲಿ ಪುನರ್ವಸತಿ. ಪೂರ್ವ ಪಾಕಿಸ್ತಾನದಲ್ಲಿ ಮನೆ ಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಇಲ್ಲಿ ತಂದು ಕೂಡಿಸಿ ಅರ್ಧ ಶತಮಾನ ದಾಟಿತು. ಅದೇ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ, ನೆಲ್ಲು ಬೆಳೆಯಲು ಆಂಧ್ರದಿಂದ ಬಂದವರ ಕ್ಯಾಂಪುಗಳೂ ಎದ್ದವು. ಒಂದು ಕಡೆ ಬಂಗಾಳಿ, ಇನ್ನೊಂದು ಕಡೆ ತೆಲುಗು, ನಡುವೆ ನಮ್ಮ ಕನ್ನಡ. ಊಟ ಬೇರೆ, ಹಬ್ಬ ಬೇರೆ. ಆದರೆ ಈ ಮೂರೂ ಭಾಷೆಯ ಹಳೆಯ ಓದುಗರು ತಮ್ಮವನೇ ಅಂತ ಹೇಳಿಕೊಳ್ಳುವ ಒಬ್ಬ ಕಾದಂಬರಿಕಾರ ಇದ್ದಾನೆ. ದೇವದಾಸನನ್ನು ಹುಟ್ಟಿಸಿದ ಶರತ್‌ಚಂದ್ರ ಚಟ್ಟೋಪಾಧ್ಯಾಯ. 2026ರ ಸೆಪ್ಟೆಂಬರ್ 15ಕ್ಕೆ ಈತ ಹುಟ್ಟಿ 150 ವರ್ಷದ ಲೆಕ್ಕ.

ಲಕ್ಷಗಟ್ಟಲೆ ಕಾದಂಬರಿ ಖರ್ಚಾಗುವುದು ಹೇಗೆ ಅಂತ ಪ್ರಕಾಶಕರು ತಲೆ ಕೆಡಿಸಿಕೊಳ್ಳುತ್ತಾರೆ. ಮುಖಪುಟದ ಬಣ್ಣ ಅಂತಾರೆ ಕೆಲವರು, ಜಾಹೀರಾತು ಅಂತಾರೆ ಕೆಲವರು, ಅದೃಷ್ಟ ಅಂತ ಕೈ ಚೆಲ್ಲುವವರೂ ಇದ್ದಾರೆ. ಶರತ್‌ಬಾಬುವಿನ ಕಥೆ ನೋಡಿದರೆ ಇವು ಮೂರೂ ನಿಲ್ಲುವುದಿಲ್ಲ. ಆತನ ಮೊದಲ ಕಾದಂಬರಿ ಪತ್ರಿಕೆಯಲ್ಲಿ ಬಂದಾಗ ಅದರ ಮೇಲೆ ಹೆಸರೇ ಇರಲಿಲ್ಲ. ಬರೆದವನಿಗೆ ಅದು ಅಚ್ಚಾಗುತ್ತಿರುವ ಸುದ್ದಿಯೂ ಗೊತ್ತಿರಲಿಲ್ಲ!

ಹುಟ್ಟಿದ್ದು 1876ರಲ್ಲಿ, ಹೂಗ್ಲಿ ಜಿಲ್ಲೆಯ ದೇವಾನಂದಪುರ ಎಂಬ ಹಳ್ಳಿಯಲ್ಲಿ. ತಂದೆ ಮತಿಲಾಲ್ ಕನಸುಗಾರ ಮನುಷ್ಯ. ನೌಕರಿ ಹಿಡಿದರೆ ನಿಲ್ಲುತ್ತಿರಲಿಲ್ಲ. ಕಥೆ ಬರೆಯಲು ಕೂತರೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅಪ್ಪ ಮುಗಿಸದೆ ಬಿಟ್ಟ ಆ ಹಾಳೆಗಳನ್ನು ಮಗ ಕದ್ದು ಓದಿ, ಮುಂದೇನಾಗಿದ್ದೀತು ಎಂದು ರಾತ್ರಿಯೆಲ್ಲಾ ತಲೆ ಕೆಡಿಸಿಕೊಂಡವನು. ಸಂಸಾರ ನಡೆಯದೆ ಎಲ್ಲರೂ ಬಿಹಾರದ ಭಾಗಲ್ಪುರದಲ್ಲಿದ್ದ ತಾಯಿಯ ತವರುಮನೆ ಸೇರಿದರು. ಸೋದರಮಾವಂದಿರ ಮನೆಯಲ್ಲಿ ಬೆಳೆಯುವ ಹುಡುಗನ ಪಾಡು ಏನೆಂಬುದು ಅದನ್ನು ಉಂಡವರಿಗೇ ಗೊತ್ತು. ಊಟಕ್ಕೆ ಕೊರತೆ ಇರಲಿಲ್ಲ, ಮಾತಿಗೂ ಕೊರತೆ ಇರಲಿಲ್ಲ.

ಅಲ್ಲಿ ರಾಜೇಂದ್ರನಾಥ ಎಂಬ ಪುಂಡ ಹುಡುಗನ ಸ್ನೇಹವಾಯಿತು. ರಾತ್ರಿ ಗಂಗೆಯಲ್ಲಿ ದೋಣಿ ಹಾಕಿಕೊಂಡು ಹೋಗುವುದು, ಬೆಸ್ತರ ಮೀನು ಹಾರಿಸುವುದು, ಯಾರಾದರೂ ಸತ್ತರೆ ಹೆಣ ಹೊರುವುದಕ್ಕೆ ಮೊದಲು ಓಡುವುದು. ಮುಂದೆ ‘ಶ್ರೀಕಾಂತ’ ಕಾದಂಬರಿಯಲ್ಲಿ ಇಂದ್ರನಾಥನಾಗಿ ಬಂದದ್ದು ಇದೇ ಹುಡುಗ. 1894ರಲ್ಲಿ ಶರತ್ ಎಂಟ್ರೆನ್ಸ್ ಪರೀಕ್ಷೆ ಪಾಸು ಮಾಡಿದ. ಮುಂದಿನದು ಎಫ್.ಎ., ಅಂದರೆ ಈಗಿನ ಪಿ.ಯು.ಸಿ. ಇದ್ದ ಹಾಗೆ. ಪರೀಕ್ಷೆಯ ಫೀಸು ಕಟ್ಟಲು ದುಡ್ಡು ಹುಟ್ಟಲಿಲ್ಲ. ಓದು ಅಲ್ಲಿಗೇ ನಿಂತಿತು. ತಾಯಿ 1895ರಲ್ಲಿ ತೀರಿಕೊಂಡಿದ್ದಳು. ಆತ ಕೆಲವು ದಿನ ಜಮೀನುದಾರರ ಎಸ್ಟೇಟಿನಲ್ಲಿ ನೌಕರಿ ಮಾಡಿದ, ಕೆಲವು ದಿನ ಸನ್ಯಾಸಿಗಳ ಹಿಂದೆ ಕಾವಿ ಸುತ್ತಿಕೊಂಡು ತಿರುಗಿದ. ಈ ನಡುವೆ ಹೆಚ್ಚುಕಡಿಮೆ 25 ವರ್ಷದ ಒಳಗೇ ‘ಬಡದೀದಿ’, ‘ದೇವದಾಸ’ ಎರಡನ್ನೂ ಬರೆದು ಗೆಳೆಯರ ಹತ್ತಿರ ಬಿಟ್ಟಿದ್ದ. ಅಚ್ಚು ಹಾಕಿಸುವ ಯೋಚನೆ ಇರಲಿಲ್ಲ.

1903ರಲ್ಲಿ ಹೊಟ್ಟೆಪಾಡಿಗೆ ರಂಗೂನಿಗೆ ಹಡಗು ಹತ್ತಿದ. ಆ ವರ್ಷವೇ ಒಂದು ತಮಾಷೆ ನಡೆಯಿತು. ಕಲ್ಕತ್ತೆಯಲ್ಲಿ ಕುಂತಲೀನ್ ಎಂಬ ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದಿತ್ತು. ಅದರ ಮಾಲೀಕ ಎಚ್. ಬೋಸ್ ವರ್ಷಕ್ಕೊಮ್ಮೆ ಕಥಾ ಸ್ಪರ್ಧೆ ಇಡುತ್ತಿದ್ದ. ಕಥೆಯೊಳಗೆ ಎಣ್ಣೆಯ ಹೆಸರೋ ಅತ್ತರಿನ ಹೆಸರೋ ಬರಬೇಕು, ಆದರೆ ಜಾಹೀರಾತು ಅಂತ ಅನ್ನಿಸಬಾರದು ಎಂಬುದು ಷರತ್ತು. ನಮ್ಮ ಕಿರಾಣಿ ಅಂಗಡಿಕಾರರು ಮೆಚ್ಚುವ ಬುದ್ಧಿ! ಹಡಗು ಹತ್ತುವ ಮೊದಲು ಶರತ್ ‘ಮಂದಿರ’ ಎಂಬ ಕಥೆ ಬರೆದು, ಸೋದರಮಾವ ಸುರೇಂದ್ರನಾಥನ ಹೆಸರು ಹಾಕಿ ಕಳಿಸಿದ್ದ. ಬಹುಮಾನ ಅದಕ್ಕೇ ಬಂತು.

ರಂಗೂನಿನಲ್ಲಿ, ಹೆಚ್ಚಿನ ಕಾಲ ಸರ್ಕಾರಿ ಲೆಕ್ಕಪತ್ರ ಕಚೇರಿಯ ಗುಮಾಸ್ತೆಯಾಗಿ, 13 ವರ್ಷ ಕಳೆಯಿತು. ವಾಸ ಇದ್ದದ್ದು ಕಾರ್ಖಾನೆ ಮಿಸ್ತ್ರಿಗಳ ಓಣಿಯಲ್ಲಿ. ಶರತ್‌ಬಾಬು ಮುಂದೆ ಇಷ್ಟು ಖರ್ಚಾದದ್ದಕ್ಕೆ ಬಂಡವಾಳ ಕೂಡಿದ್ದು ಈ ಓಣಿಯಲ್ಲಿಯೇ. ಓದು ಬಾರದ ಕೂಲಿಕಾರರು ಅರ್ಜಿ ಬರೆಸಲು ಬರುತ್ತಿದ್ದರು, ಊರಿಗೆ ಕಾಗದ ಬರೆಸಲು ಬರುತ್ತಿದ್ದರು, ಜ್ವರ ಬಂದರೆ ಹೋಮಿಯೋಪತಿ ಗುಳಿಗೆಗೂ ಈತನ ಬಾಗಿಲಿಗೇ. ಗಂಡ ಬಿಟ್ಟವಳು, ಇಟ್ಟುಕೊಂಡವಳು, ಸಾಲ ಮಾಡಿ ಓಡಿ ಬಂದವನು, ಕುಡಿದು ಹೆಂಡತಿ ಬಡಿಯುವವನು ಎಲ್ಲರ ಸಂಸಾರದ ಗುಟ್ಟು ಈತನ ಪೆನ್ನಿನ ತುದಿಗೆ ಬಂದು ಬಿತ್ತು. ಕಾಗದ ಬರೆಸುವವನು ಬರೆಯುವವನ ಮುಂದೆ ಏನನ್ನೂ ಮುಚ್ಚಿಡಲು ಬರುವುದಿಲ್ಲವಷ್ಟೇ.

ಅದೇ ಓಣಿಯ ಒಬ್ಬ ಮಿಸ್ತ್ರಿ ತನ್ನ ಮಗಳು ಶಾಂತಿಯನ್ನು ವಯಸ್ಸಾದ ಕುಡುಕನೊಬ್ಬನಿಗೆ ಕಟ್ಟಲು ಹೊರಟಿದ್ದನೆಂದೂ, ಆಕೆ ಹೆದರಿ ಶರತ್‌ಬಾಬುವಿನ ಕೋಣೆ ಹೊಕ್ಕು ಬಚ್ಚಿಟ್ಟುಕೊಂಡಳೆಂದೂ, ಕಡೆಗೆ ಈತನೇ ಆಕೆಯನ್ನು ಮದುವೆಯಾದನೆಂದೂ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಒಂದು ಗಂಡು ಮಗುವಾಯಿತು. ರಂಗೂನಿಗೆ ಪ್ಲೇಗ್ ಬಂತು. ತಾಯಿ ಮಗು ಇಬ್ಬರೂ ಹೋದರು. ಕೆಲವು ವರ್ಷದ ಮೇಲೆ ಮೋಕ್ಷದಾ ಎಂಬಾಕೆಯನ್ನು ಕೈಹಿಡಿದು ಹಿರಣ್ಮಯಿ ಎಂದು ಹೆಸರಿಟ್ಟ. ಮಕ್ಕಳಾಗಲಿಲ್ಲ. 1912ರಲ್ಲಿ ಮನೆಗೆ ಬೆಂಕಿ ಬಿದ್ದು ಪುಸ್ತಕ, ಚಿತ್ರ, ‘ಚರಿತ್ರಹೀನ’ ಕಾದಂಬರಿಯ ಕೈಬರಹ ಎಲ್ಲಾ ಸುಟ್ಟವು. ಆ ಕಾದಂಬರಿಯನ್ನು ಆತ ಮೊದಲಿನಿಂದ ಮತ್ತೆ ಬರೆದ.

ಇತ್ತ ಕಲ್ಕತ್ತೆಯಲ್ಲಿ ಏನಾಗಿತ್ತೆಂದರೆ, 1907ರಲ್ಲಿ ಒಬ್ಬ ಗೆಳೆಯ ತನ್ನ ಹತ್ತಿರ ಇದ್ದ ‘ಬಡದೀದಿ’ಯನ್ನು ‘ಭಾರತಿ’ ಪತ್ರಿಕೆಗೆ ಕೊಟ್ಟುಬಿಟ್ಟಿದ್ದ. ಮೊದಲ ಕಂತುಗಳಲ್ಲಿ ಲೇಖಕನ ಹೆಸರು ಹಾಕಲಿಲ್ಲ. ಓದಿದವರು ಇದು ರವೀಂದ್ರನಾಥ ಟಾಗೋರರದೇ, ಬೇರೆ ಯಾರ ಕೈಲೂ ಆಗದು ಅಂದುಕೊಂಡರು. ಹೆಸರು ಹೊರಬಿದ್ದ ಮೇಲೆ ಈ ಚಟ್ಟೋಪಾಧ್ಯಾಯ ಯಾರು, ಎಲ್ಲಿಯವನು ಅಂತ ಹುಡುಕಾಟ ಶುರುವಾಯಿತು. ಸಿಕ್ಕಿದ್ದು ರಂಗೂನಿನ ಗುಮಾಸ್ತೆ!

1913ರಿಂದ ‘ಯಮುನಾ’ ಎಂಬ ಸಣ್ಣ ಮಾಸಪತ್ರಿಕೆಗೆ ಬರೆಯತೊಡಗಿದ. ತನ್ನ ಹೆಸರಿನ ಜೊತೆಗೆ ಅಕ್ಕ ಅನಿಲಾದೇವಿಯ ಹೆಸರಿನಲ್ಲೂ ಬರೆದ. ಕಂತಿನ ಕಾದಂಬರಿಯ ವ್ಯಾಪಾರ ನಮ್ಮ ಓದುಗರಿಗೆ ಗೊತ್ತಿರುವುದೇ. ಉದ್ರಿ ಇದ್ದ ಹಾಗೆ ಅದು. ಈ ತಿಂಗಳ ಬಾಕಿ ಮುಂದಿನ ತಿಂಗಳು ಗಿರಾಕಿಯನ್ನು ತಾನೇ ಎಳೆದು ತರುತ್ತದೆ. ಕನ್ನಡದ ವಾರಪತ್ರಿಕೆಗಳೂ ಧಾರಾವಾಹಿಯ ಬಲದಿಂದ ಎಷ್ಟು ಮನೆಗಳಿಗೆ ಹೋದವು! ಆದರೆ ಕಂತು ಎಲ್ಲರೂ ಬರೆಯುತ್ತಿದ್ದರು. ಎಲ್ಲರದೂ ಹೀಗೆ ಹೋಗಲಿಲ್ಲ.

ಶರತ್‌ಬಾಬು ಬರೆದದ್ದು ಏನು? ರಾಜ ಮಹಾರಾಜರ ಕಥೆಯಲ್ಲ, ಕೋಟೆ ಕೊತ್ತಲದ ಕಥೆಯಲ್ಲ. ಅಂಥವನ್ನು ಅವನಿಗಿಂತ ಮೊದಲು ಬಂಕಿಮಚಂದ್ರ ಬರೆದು ಮುಗಿಸಿದ್ದರು, ನಮ್ಮ ಬಿ. ವೆಂಕಟಾಚಾರ್ಯರು ಅವನ್ನು ಕನ್ನಡಕ್ಕೆ ತಂದು ಕನ್ನಡಿಗರಿಗೆ ಕಾದಂಬರಿಯ ಚಟ ಹಿಡಿಸಿದ್ದರು. ಶರತ್ ಕೈ ಹಾಕಿದ್ದು ಅಡುಗೆಮನೆಗೆ. ಅಣ್ಣ ತಮ್ಮಂದಿರ ಪಾಲಾಗುವಾಗ ವಾರಗಿತ್ತಿಯರ ನಡುವೆ ಹೊಯ್ದಾಡುವ ಮಗು, ವರದಕ್ಷಿಣೆಗೆ ದುಡ್ಡಿಲ್ಲದೆ ಮನೆಯಲ್ಲಿ ಉಳಿದ ಹುಡುಗಿ, ಎಳೆ ವಯಸ್ಸಿಗೇ ವಿಧವೆಯಾದವಳು, ಮೆಸ್ಸಿನಲ್ಲಿ ಮುಸುರೆ ತಿಕ್ಕುವವಳು, ಸೂಳೆ. ಇವರ ವಿಷಯ ಎಲ್ಲ ಮನೆಯಲ್ಲೂ ಆಡುತ್ತಿದ್ದರು, ಆದರೆ ದನಿ ತಗ್ಗಿಸಿ. ಶರತ್‌ಬಾಬು ಅದನ್ನು ಅಚ್ಚಿನಲ್ಲಿ ಹಾಕಿದ. ಅದೂ ಅವರ ಪರ ನಿಂತು. ಬಂಗಾಳದ ಹೆಂಗಸರು ಓದು ಕಲಿಯುತ್ತಿದ್ದ ಕಾಲ ಅದು. ಪುಸ್ತಕ ಕೊಂಡವನು ಗಂಡಸು, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಓದಿ ಅತ್ತದ್ದು ಹೆಂಗಸು. ಒಂದು ಪ್ರತಿ ಖರ್ಚಾದರೆ ಓಣಿಯೆಲ್ಲಾ ತಿರುಗುತ್ತಿತ್ತು.

ಇಷ್ಟೇ ಆಗಿದ್ದರೆ ಆತನನ್ನು ಸುಧಾರಕ ಅಂತ ಕರೆದು, ಹಾರ ಹಾಕಿ, ಓದದೆ ಬಿಡುತ್ತಿದ್ದರು. ಇಲ್ಲಿ ಇನ್ನೊಂದು ಕೀಲಿ ಇದೆ, ಸ್ವಲ್ಪ ಕಟುವಾಗಿ ಹೇಳಬೇಕಾದದ್ದು. ‘ಪಲ್ಲೀ ಸಮಾಜ’ದಲ್ಲಿ ರಮೇಶ ಓದಿ ಬಂದ ಹುಡುಗ, ಊರು ತಿದ್ದಲು ಹೊರಟವನು, ರಮಾ ಬಾಲ್ಯದ ಗೆಳತಿ, ಈಗ ವಿಧವೆ. ಇಬ್ಬರ ಮನಸ್ಸೂ ಓದುಗನಿಗೆ ಗೊತ್ತು. ಊರಿನ ಪಾರ್ಟಿ ಪಂಗಡ, ಬಹಿಷ್ಕಾರ, ಸುಳ್ಳು ಸಾಕ್ಷಿ ಎಲ್ಲಾ ಬಂದು ಹೋಗುತ್ತವೆ. ಮದುವೆ ಮಾತ್ರ ಆಗುವುದಿಲ್ಲ. ರಮಾ ಕಾಶಿಗೆ ಹೋಗುತ್ತಾಳೆ. ವಿಧವೆಗಾಗಿ ಓದುಗ ಕಣ್ಣೀರು ಹಾಕುವ ಹಾಗೆ ಮಾಡುವ ಶರತ್‌ಬಾಬು ಅವಳ ಮದುವೆ ಮಾಡಿಸುವ ಧೈರ್ಯವನ್ನು ಕಥೆಯಲ್ಲಿ ತೋರಿಸಲಿಲ್ಲ. ವಿಮರ್ಶಕರು ಇದನ್ನು ಎತ್ತಿ ಆಡಿದ್ದಾರೆ, ಅದರಲ್ಲಿ ಹುರುಳಿದೆ. ಓದುಗನ ಮನಸ್ಸು ಕದಡಿತು, ಮನೆಯ ಕಟ್ಟಳೆ ಕದಲಲಿಲ್ಲ. ಹಾಗಾಗಿಯೇ ಮಾವ ಕೂಡ ಆ ಪುಸ್ತಕವನ್ನು ಸೊಸೆಯ ಕೈಯಿಂದ ಕಿತ್ತುಕೊಳ್ಳಲಿಲ್ಲ. ಮದುವೆ ಮಾಡಿಸಿದ್ದರೆ ಎಷ್ಟು ಮನೆಗಳ ಬಾಗಿಲು ಮುಚ್ಚುತ್ತಿತ್ತೋ!

ಆದರೂ ಕೆಲವು ಬಾಗಿಲು ಮುಚ್ಚಿದ್ದುಂಟು. ಮೆಸ್ಸಿನ ಕೆಲಸದವಳು ಸಾವಿತ್ರಿ ಬರುವ ‘ಚರಿತ್ರಹೀನ’ವನ್ನು ದೊಡ್ಡ ಪತ್ರಿಕೆಯಾದ ‘ಭಾರತವರ್ಷ’ ನೀತಿಗೆಟ್ಟದ್ದೆಂದು ವಾಪಸು ಕಳಿಸಿತು. ‘ಯಮುನಾ’ ಅದರ ಒಂದಿಷ್ಟು ಭಾಗ ಹಾಕಿತು, ಗದ್ದಲವಾಯಿತು. 1917ರಲ್ಲಿ ಪುಸ್ತಕ ಬರುವ ಹೊತ್ತಿಗೆ ಬೈಯುವವರೇ ಊರೆಲ್ಲಾ ಡಂಗುರ ಹೊಡೆದು ಮುಗಿಸಿದ್ದರು. ಮುಂದೆ ಅದೇ ‘ಭಾರತವರ್ಷ’ ಈತನ ಬರಹಕ್ಕೆ ಕಾದು ಕೂತಿತು. ಆ ಪತ್ರಿಕೆಯ ಮಾಲೀಕರಾದ ಪ್ರಕಾಶಕರು ತಿಂಗಳು ತಿಂಗಳು ಹಣದ ಭರವಸೆ ಕೊಟ್ಟ ಮೇಲೆಯೇ, 1916ರಲ್ಲಿ, ಆರೋಗ್ಯವೂ ಕೆಟ್ಟಿದ್ದರಿಂದ, ಶರತ್‌ಬಾಬು ರಂಗೂನಿನ ನೌಕರಿ ಬಿಟ್ಟು ಬಂಗಾಳಕ್ಕೆ ಮರಳಿದ್ದು. ಬರೀ ಬರೆದು ಹೊಟ್ಟೆ ಹೊರೆಯುವುದು ಆಗ ಯಾರೂ ನಂಬದ ಮಾತು. ಆತ ಅದನ್ನು ಮಾಡಿ, ಹೌರಾ ಜಿಲ್ಲೆಯ ಸಾಮತಾಬೇಡದಲ್ಲಿ ರೂಪನಾರಾಯಣ ನದಿಯ ದಂಡೆಗೆ ಮನೆಯನ್ನೂ ಕಟ್ಟಿದ. ‘ಬಸುಮತಿ’ಯವರು ಅಗ್ಗದ ಬೆಲೆಗೆ ಗ್ರಂಥಾವಳಿ ತಂದದ್ದರಿಂದ ಬಡ ಗುಮಾಸ್ತೆಯ ಮನೆಯಲ್ಲೂ ಶರತ್‌ಬಾಬು ಸಿಕ್ಕ.

ಇನ್ನು ‘ದೇವದಾಸ’. ಹುಡುಗು ವಯಸ್ಸಿನಲ್ಲಿ ಬರೆದದ್ದು, ಅಚ್ಚಿಗೆ ಕೊಡಲು ಆತನಿಗೆ ಮನಸ್ಸೇ ಇರಲಿಲ್ಲ. 1917ರಲ್ಲಿ ಅಂತೂ ಹೊರಬಂತು. ಬರೆದವನು ನಾಚಿಕೊಂಡ ಪುಸ್ತಕವೇ ಎಲ್ಲಕ್ಕಿಂತ ದೂರ ಹೋಯಿತು. 1928ರಲ್ಲಿ ಮೂಕಿ ಚಿತ್ರ, 1935ರಲ್ಲಿ ಬರುವಾ ಅವರ ಬಂಗಾಳಿ ಟಾಕಿ, ಮರುವರ್ಷ ಸೈಗಲ್ ಅವರ ಹಿಂದಿ, 1953ರಲ್ಲಿ ನಾಗೇಶ್ವರರಾವ್ ಅವರ ತೆಲುಗು ‘ದೇವದಾಸು’, 1955ರಲ್ಲಿ ದಿಲೀಪ್ ಕುಮಾರ್, 2002ರಲ್ಲಿ ಶಾರುಖ್ ಖಾನ್. ಗಡ್ಡ ಬಿಟ್ಟು ಬಾಟಲಿ ಹಿಡಿದ ಹುಡುಗನನ್ನು ಕಂಡರೆ, ಪುಸ್ತಕವನ್ನು ಮುಟ್ಟದ ಮಂದಿಯೂ ದೇವದಾಸ ಅಂತ ಕರೆಯುತ್ತಾರೆ.

ಆಂಧ್ರ ಕ್ಯಾಂಪುಗಳ ಹಿರಿಯರಿಗೆ ಶರತ್ ಪರಿಚಯವಾದದ್ದು ಬರೀ ಸಿನಿಮಾದಿಂದಲ್ಲ. ‘ಚಂದಮಾಮ’ವನ್ನು ನಡೆಸಿದ, ವಿಜಯಾ ಸಂಸ್ಥೆಯ ಚಿತ್ರಗಳನ್ನು ತೆಗೆದ ಚಕ್ರಪಾಣಿ ಅವರು ಶರತ್ ಕಾದಂಬರಿಗಳನ್ನು ತೆಲುಗು ಮಾಡಿದ್ದರು. ಎಷ್ಟು ಸಹಜವಾಗಿ ಅಂದರೆ, ಈತ ಗೋದಾವರಿ ಕಡೆಯ ತೆಲುಗಿನವನೇ ಇರಬೇಕು ಅಂತ ಓದುಗರು ತಿಳಿದಿದ್ದರಂತೆ. ವಾರಗಿತ್ತಿಯರ ಜಗಳ ಗೋದಾವರಿಯಲ್ಲೂ ಅದೇ, ಹೂಗ್ಲಿಯಲ್ಲೂ ಅದೇ, ಮಸ್ಕಿ ಲಿಂಗಸುಗೂರಿನಲ್ಲೂ ಅದೇ.

ಅಂಗಡಿಯಲ್ಲಿ ಹೆಚ್ಚು ಖರ್ಚಾಗುವವನು ಹಗುರ ಬರಹಗಾರ ಎಂದು ಪಂಡಿತರು ಮೂಗು ಮುರಿಯುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ಶರತ್‌ಬಾಬುವಿನ ವಿಷಯದಲ್ಲಿ ಆ ಮಾತು ತೂಗಲು ಎರಡು ಬರಹ ಸಾಕು. 1922ರಲ್ಲಿ ಬಂದ ‘ಮಹೇಶ’ ಎಂಬ ಸಣ್ಣ ಕಥೆ ಒಂದು. ಗಫೂರ್ ಎಂಬ ಬಡ ರೈತ, ಮಗಳು ಅಮೀನಾ, ಮಹೇಶನೆಂಬ ಮುದಿ ಎತ್ತು. ಮಳೆ ಇಲ್ಲ, ಮೇವಿಲ್ಲ, ಕುಡಿಯುವ ನೀರಿಗೂ ಊರ ಮಂದಿಯ ಕೈ ಕಾಯಬೇಕು. ಸಿಟ್ಟಿನ ಒಂದು ಗಳಿಗೆಯಲ್ಲಿ ಮಗನಂತೆ ಸಾಕಿದ ಎತ್ತನ್ನು ತಾನೇ ಹೊಡೆದು ಕೊಲ್ಲುತ್ತಾನೆ. ರಾತ್ರೋರಾತ್ರಿ ಮಗಳ ಕೈ ಹಿಡಿದು ಸೆಣಬಿನ ಗಿರಣಿಗೆ ಕೂಲಿಗೆ ಹೊರಡುತ್ತಾನೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಗುಳೆ ಅಂತಾರೆ. ಕಾಲುವೆ ನೀರು ಮುಟ್ಟದ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ಸಂಸಾರಗಳಿಗೆ ಈ ಕಥೆಯ ಟಿಪ್ಪಣಿ ಬೇಕಿಲ್ಲ.

ಎರಡನೆಯದು ‘ಪಥೇರ್ ದಾಬಿ’. ಶರತ್‌ಬಾಬು 1921ರಿಂದ ಹೌರಾ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದ. ಈ ಕಾದಂಬರಿಯಲ್ಲಿ ಮಾತ್ರ ಬರ್ಮಾದಲ್ಲಿ ಗುಟ್ಟಾಗಿ ಸಂಘ ಕಟ್ಟುವ ಕ್ರಾಂತಿಕಾರಿಯನ್ನು ನಾಯಕ ಮಾಡಿದ. 1926ರ ಆಗಸ್ಟಿನಲ್ಲಿ ಪುಸ್ತಕ ಬಂತು, 1927ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿತು. ಅಷ್ಟರಲ್ಲಿ ಪ್ರತಿಗಳು ಮನೆ ಸೇರಿ ಆಗಿತ್ತು. ಆಮೇಲೆ ಗುಟ್ಟಾಗಿ ಕೈಯಿಂದ ಕೈಗೆ ಓಡಾಡಿದವು. ಟಾಗೋರರು ಪ್ರತಿಭಟಿಸುತ್ತಾರೆಂದು ಈತ ನಂಬಿದ್ದ. ಅವರು ಒಪ್ಪಲಿಲ್ಲ. ಆ ನೋವು ಶರತ್‌ಬಾಬುವಿಗೆ ಬಹಳ ಕಾಲ ಉಳಿಯಿತು.

1936ರಲ್ಲಿ ಢಾಕಾ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಎಫ್.ಎ. ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟವನಿಗೆ! ಎರಡು ವರ್ಷವೂ ಕಳೆಯಲಿಲ್ಲ, 1938ರ ಜನವರಿ 16ರಂದು ಕಲ್ಕತ್ತೆಯ ನರ್ಸಿಂಗ್ ಹೋಮಿನಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 61. ‘ಪಥೇರ್ ದಾಬಿ’ಯ ಮೇಲಿನ ನಿಷೇಧ ಎದ್ದದ್ದು ಆತ ಸತ್ತ ಮೇಲೆ.

ಆಗಿನ ಕಾನೂನಿನ ಪ್ರಕಾರ ಲೇಖಕ ಸತ್ತು 50 ವರ್ಷಕ್ಕೆ ಹಕ್ಕು ಮುಗಿಯುತ್ತಿತ್ತು. ಆ ಲೆಕ್ಕದಲ್ಲಿ 1989ರಿಂದ ಶರತ್‌ಬಾಬುವಿನ ಬಂಗಾಳಿ ಮೂಲವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಯಾವ ಭಾಷೆಗೆ ಬೇಕಾದರೂ ಹೊಸದಾಗಿ ಅನುವಾದ ಮಾಡಬಹುದು, ವಾರಸುದಾರರಿಗೆ ಕಾಸೂ ಕಟ್ಟಬೇಕಿಲ್ಲ. ತೆಳು ಕಾಗದದ ‘ದೇವದಾಸ’, ದಪ್ಪ ರಟ್ಟಿನ ‘ದೇವದಾಸ’, ಹಿಂದಿಯದು, ಇಂಗ್ಲಿಷಿನದು, ಹಲವು ಪ್ರಕಾಶಕರ ಹೆಸರಿನಲ್ಲಿ ಬರುತ್ತಲೇ ಇವೆ.