ಬೂಚಿನೊಳಗೆ ಕೋಣೆ ಕಂಡ ರಾಬರ್ಟ್ ಹುಕ್

ಜೀವಕೋಶ ಕಂಡುಹಿಡಿದವರು ಯಾರು ಅಂತ ಕೇಳಿದರೆ ರಾಬರ್ಟ್ ಹುಕ್, 1665 ಅಂತ ನಾವೆಲ್ಲ ಹೇಳ್ತೀವಿ. ಒಂದು ಅಂಕ ಸಿಗುತ್ತೆ, ಅಲ್ಲಿಗೆ ಮುಗೀತು. ಈತ ಯಾರು? ಬಾಟ್ಲಿಯ ಬೂಚನ್ನೇ ಯಾಕೆ ನೋಡಿದ?

ಹುಕ್ ಹುಟ್ಟಿದ್ದು 1635ರಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ. ಸದಾ ಕಾಯಿಲೆಯ ಹುಡುಗ. ಆದರೆ ಕೈ ಮಾತ್ರ ಬಲು ಚುರುಕು. ಹಿತ್ತಾಳೆ ಗಡಿಯಾರ ಬಿಚ್ಚಿದ್ದನ್ನು ನೋಡಿ ಕಟ್ಟಿಗೆಯಲ್ಲೇ ಒಂದು ಮಾಡಿದ, ಅದು ನಡೆಯಿತು ಕೂಡ! 13ನೇ ವಯಸ್ಸಿಗೆ ತಂದೆ ತೀರಿಕೊಂಡರು. ಲಂಡನ್ನಿನಲ್ಲಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ ಓದಿದ. 1662ರಲ್ಲಿ ರಾಯಲ್ ಸೊಸೈಟಿಯ ಸಭೆಗಳಲ್ಲಿ ಪ್ರಯೋಗ ಮಾಡಿ ತೋರಿಸುವ ಕೆಲಸ ಸಿಕ್ಕಿತು.

ಬೂಚು ಅಷ್ಟು ಹಗುರ ಯಾಕೆ, ನೀರು ಯಾಕೆ ಹೀರಲ್ಲ, ಅದುಮಿದರೆ ಮತ್ತೆ ಯಾಕೆ ಉಬ್ಬುತ್ತೆ? ಇದು ಹುಕ್‌ನ ಪ್ರಶ್ನೆ. ಬೂಚು ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಅದನ್ನು ಹರಿತ ಚಾಕುವಿನಿಂದ ತೆಳ್ಳಗೆ ಹೆರೆದು, ಕರೀ ತಟ್ಟೆಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ. ಜೇನುಹುಟ್ಟಿನ ಹಾಗೆ ಕೋಣೆಯೋ ಕೋಣೆ! ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಮೇಲೆ ಅಂತ ಲೆಕ್ಕ ಹಾಕಿದ. ಒಳಗೆ ಇದ್ದದ್ದು ಬರೀ ಗಾಳಿ. ಮೂರೂ ಪ್ರಶ್ನೆಗೆ ಅದೇ ಉತ್ತರ ಅಂತ ಬರೆದಿಟ್ಟ.

ಆ ಕೋಣೆಗಳು ಖಾಲಿಯಾದದ್ದು ಹೇಗೆ ಅನ್ನೋದು ಬಹಳ ವರ್ಷಗಳ ನಂತರ ತಿಳಿಯಿತು. ಕಾಂಡ ದಪ್ಪವಾದಂತೆ ಮೇಲಿನ ಎಳೇ ಸಿಪ್ಪೆ ಸಾಲದೆ ಬಿರಿಯುತ್ತದೆ. ಆಗ ಒಳಗಡೆ ಕಾರ್ಕ್ ಕ್ಯಾಂಬಿಯಂ ಎಂಬ ಪದರ ಹುಟ್ಟಿ, ಹೊರಕ್ಕೆ ಹೊಸ ಹೊಸ ಕೋಶಗಳನ್ನು ಕೊಡುತ್ತಾ ಹೋಗುತ್ತದೆ. ಅವುಗಳ ಗೋಡೆಗೆ ಸುಬೆರಿನ್ ಎಂಬ ಮೇಣದಂಥ ವಸ್ತು ಸೇರುತ್ತದೆ. ಕೋಶ ಸಾಯುತ್ತದೆ, ಗೋಡೆ ಉಳಿಯುತ್ತದೆ. ಒಳಗಿನ ನೀರು ಆರಿಹೋಗದಂತೆ, ರೋಗ ಒಳಹೊಗದಂತೆ ಕಾಯೋದು ಈ ಸತ್ತ ಗೋಡೆಗಳೇ. ನಮ್ಮ ಚಿಗಟೇರಿಯ ಬಿಸಿಲಲ್ಲಿ ನಿಂತ ಬೇವಿನ ಮರದ ಒರಟು ತೊಗಟೆಯಲ್ಲೂ ಇದೇ ಬೆಂಡು ಇದೆ. ಆಲೂಗಡ್ಡೆ ಸಿಪ್ಪೆಯೂ ಬೆಂಡೇ. ಸಿಪ್ಪೆ ತೆಗೆದದ್ದೊಂದು, ತೆಗೆಯದ್ದೊಂದು ಎರಡು ದಿನ ಇಟ್ಟು ನೋಡ್ರಿ, ಯಾವುದು ಬಾಡುತ್ತೆ ಅಂತ.

1666ರಲ್ಲಿ ಲಂಡನ್ ಸುಟ್ಟುಹೋದಾಗ ಮತ್ತೆ ಊರು ಕಟ್ಟಲು ಜಾಗ ಅಳೆದುಕೊಟ್ಟವರಲ್ಲಿ ಹುಕ್ ಒಬ್ಬ. ನ್ಯೂಟನ್ ಜೊತೆ ಮಾತ್ರ ಜಗಳ ತಪ್ಪಲಿಲ್ಲ. ಗುರುತ್ವದ ವಿಚಾರದಲ್ಲಿ ತನಗೂ ಪಾಲಿದೆ ಅಂತ ಹುಕ್, ಇಲ್ಲ ಅಂತ ನ್ಯೂಟನ್. ಇಬ್ಬರೂ ಹಟಮಾರಿಗಳೇ ಅಂತ ನನಗನಿಸುತ್ತೆ. 1703ರಲ್ಲಿ ಹುಕ್ ತೀರಿಕೊಂಡ. ಅದೇ ವರ್ಷ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷರಾದರು.

ಇವನೇ ಹುಕ್ ಅಂತ ಎಲ್ಲರೂ ಒಪ್ಪುವ, ಆ ಕಾಲದ ಚಿತ್ರ ಒಂದೂ ಉಳಿದಿಲ್ಲ. ಅದಕ್ಕೇ ಈ ಹಾಳೆಯಲ್ಲಿ ಮುಖ ಬರೆದಿಲ್ಲ. ಕೆಳಗೆ ಬರೆದಿರೋದು ಬೂಚಿನ ಕೋಣೆಗಳು.