ರಕ್ತನಾಳಗಳನ್ನು ಹೊಲಿದ ಡಾಕ್ಟರ್ ಕರೆಲ್

ಒಬ್ಬರ ಯಕೃತ್ತನ್ನು ಮತ್ತೊಬ್ಬರ ಉದರದಲ್ಲಿ ನೆಲೆಗೊಳಿಸುವ ಶಸ್ತ್ರಚಿಕಿತ್ಸೆಯು ಬೆಂಗಳೂರಿನ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿರುವುದನ್ನು ವಾಚಕರು ಬಲ್ಲರು. ಅದರ ವೆಚ್ಚವನ್ನು ಕುರಿತು ಚರ್ಚಿಸುವವರು ಬಹಳ. ಅದಕ್ಕೆ ದಾರಿಮಾಡಿದ ಸೂಜಿದಾರಗಳನ್ನು ನೆನೆಯುವವರು ವಿರಳ. ಆ ಸೂಜಿಯನ್ನು ಹಿಡಿದವನು ಫ್ರಾನ್ಸ್ ದೇಶದ ಡಾಕ್ಟರ್ ಅಲೆಕ್ಸಿ ಕರೆಲ್.

ಈತನು 1873ನೆಯ ಇಸವಿ ಜೂನ್ 28ರಂದು ಲಿಯಾನ್ ನಗರದ ಬಳಿ ಜನಿಸಿದನು. ತಂದೆ ಜವಳಿಯ ವ್ಯಾಪಾರಿ. ಮಗನ ಬಾಲ್ಯದಲ್ಲಿಯೇ ತೀರಿಕೊಂಡನು. ಕರೆಲ್ ವೈದ್ಯವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾಗ, 1894ರ ಜೂನ್ 24ರಂದು, ಲಿಯಾನಿಗೆ ಬಂದಿದ್ದ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋವನ್ನು ಘಾತುಕನೊಬ್ಬನು ಸಾರೋಟಿನಲ್ಲಿಯೇ ಇರಿದನು. ಕರುಳಿನಿಂದ ಯಕೃತ್ತಿಗೆ ರಕ್ತವನ್ನೊಯ್ಯುವ ಮಹಾಸಿರೆಯು ಸೀಳಿಹೋಯಿತು. ಕೈನುರಿತ ವೈದ್ಯರೆಲ್ಲ ನೆರೆದಿದ್ದರೂ ಹರಿದ ಸಿರೆಯನ್ನು ಹೊಲಿಯಲು ಯಾರಿಗೂ ತಿಳಿಯದು. ಅಧ್ಯಕ್ಷನು ಆ ರಾತ್ರಿಯೇ ಅಸುನೀಗಿದನು. ಹರಿದ ಬಟ್ಟೆಯನ್ನು ಕೂಡಿಸಬಲ್ಲ ಮನುಷ್ಯನು ಹರಿದ ನಾಳವನ್ನೇಕೆ ಕೂಡಿಸಲಾರನೆಂಬ ಪ್ರಶ್ನೆಯು ಈ ತರುಣನನ್ನು ಬಿಡದೆ ಕಾಡಿತು.

ಉತ್ತರವನ್ನು ಹುಡುಕಿ ಆತನು ಪ್ರಾಧ್ಯಾಪಕರಲ್ಲಿಗೆ ಹೋಗಲಿಲ್ಲ. ಲಿಯಾನ್ ರೇಷ್ಮೆಗೆ ಹೆಸರಾದ ಊರು. ಅಲ್ಲಿನ ಕಸೂತಿಯ ಹೆಂಗಸೊಬ್ಬಳ ಬಳಿ ಕುಳಿತು ಸಣ್ಣ ಸೂಜಿಯ ಕೆಲಸವನ್ನು ಕಲಿತನು. ಪದವೀಧರರು ಸಾಮಾನ್ಯವಾಗಿ ಮಾಡದ ಈ ಕೆಲಸವನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. 1902ರಲ್ಲಿ ಆತನು ಪ್ರಕಟಿಸಿದ ವಿಧಾನವು ಸರಳವಾದುದು. ನಾಳದ ದುಂಡನೆಯ ಬಾಯಿಗೆ ಸಮದೂರದಲ್ಲಿ ಮೂರು ದಾರಗಳನ್ನು ಹಾಕಿ ಎಳೆದರೆ ದುಂಡು ತ್ರಿಕೋಣವಾಗುತ್ತದೆ. ಆಗ ಮೂರು ನೇರ ಅಂಚುಗಳನ್ನು ಬಟ್ಟೆಯ ಅಂಚಿನಂತೆ ಹೊಲಿಯಬಹುದು. ಎದುರು ಗೋಡೆಗೆ ಸೂಜಿ ಸಿಕ್ಕಿಕೊಳ್ಳದು. ದಾರಕ್ಕೆ ವ್ಯಾಸಲೀನ್ ಸವರಿ, ಒಳಪದರಕ್ಕೆ ಒಳಪದರವೇ ಸೇರುವಂತೆ ಹೊಲಿದುದರಿಂದ ರಕ್ತವು ಹೆಪ್ಪುಗಟ್ಟುವ ಭಯವೂ ತಗ್ಗಿತು.

ಸ್ವಂತ ಊರಿನಲ್ಲಿ ಆತನಿಗೆ ಹುದ್ದೆ ದೊರೆಯಲಿಲ್ಲ. 1904ರಲ್ಲಿ ಅಟ್ಲಾಂಟಿಕ್ ದಾಟಿ, ಷಿಕಾಗೋದಲ್ಲಿ ಗತ್ರಿಯೊಡನೆ ದುಡಿದು, 1906ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯನ್ನು ಸೇರಿದನು. ನಾಯಿಗಳ ಮೂತ್ರಪಿಂಡವನ್ನು ತೆಗೆದು ಮತ್ತೆ ಆ ನಾಯಿಗೇ ಜೋಡಿಸಿದರೆ ಬಾಳುವುದೆಂದೂ, ಬೇರೆ ನಾಯಿಗೆ ಜೋಡಿಸಿದರೆ ಕೆಡುವುದೆಂದೂ ಕಂಡುಕೊಂಡನು. 1912ರಲ್ಲಿ ನೊಬೆಲ್ ಬಹುಮಾನವು ಬಂದಿತು.

ಅದೇ ವರ್ಷ ಕೋಳಿಯ ಭ್ರೂಣದ ಹೃದಯದ ತುಣುಕನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೊಡಗಿದನು. ಭ್ರೂಣದ ರಸವನ್ನೆರೆದರೆ ಜೀವಕೋಶಗಳು ವೃದ್ಧಿಯಾಗುತ್ತವೆಂಬ ಆತನ ಅರಿವು ಸರಿಯಾದುದೇ. ಇಂದಿನ ವೃದ್ಧಿಕಾರಕಗಳ ವಿಚಾರಕ್ಕೆ ಅದು ಮುನ್ನುಡಿ. ಆದರೆ ಜೀವಕೋಶಗಳಿಗೆ ಮರಣವೇ ಇಲ್ಲವೆಂಬ ಸಾರೋಣವು ಸುಳ್ಳಾಯಿತು. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಅವರು ಮನುಷ್ಯನ ಸಾಮಾನ್ಯ ಕೋಶಗಳು ಕೆಲವು ಸಲ ಮಾತ್ರ ಇಬ್ಬಾಗವಾಗಬಲ್ಲವೆಂದು ತೋರಿಸಿದರು. ಕರೆಲ್‌ನ ಪಾತ್ರೆಗೆ ರಸದೊಡನೆ ಹೊಸ ಕೋಶಗಳೂ ಸೇರುತ್ತಿದ್ದಿರಬೇಕೆಂದು ಹಲವರ ಊಹೆ.

ಕಾರ್ನೋವಿನ ಪ್ರಾಣ ತೆಗೆದ ಆ ಸಿರೆಯೇ ಯಕೃತ್ತಿನ ಕಸಿಯಲ್ಲಿ ಮುಖ್ಯವಾಯಿತು. ಅಮೆರಿಕದ ಥಾಮಸ್ ಸ್ಟಾರ್ಜಲ್ 1963ರಲ್ಲಿ ಮೊದಲ ಬಾರಿ ಮನುಷ್ಯನಲ್ಲಿ ಇದನ್ನು ಯತ್ನಿಸಿ ಸೋತು, 1967ರಲ್ಲಿ ಗೆದ್ದನು. ಆ ಸಿರೆಯ ರಕ್ತವನ್ನು ತಪ್ಪಿಸಿದರೆ ಯಕೃತ್ತು ಸೊರಗುವುದೆಂದೂ, ಮೇದೋಜೀರಕದಿಂದ ಬರುವ ಇನ್ಸುಲಿನ್ ಅದನ್ನು ಪೋಷಿಸುವುದೆಂದೂ ಆತನ ಪ್ರಯೋಗಗಳು ತಿಳಿಸಿದವು. ದಾನಿಯಿಂದ ಪಡೆದ ಅರ್ಧ ಯಕೃತ್ತು ಕೆಲವು ವಾರಗಳಲ್ಲಿ ಬೆಳೆದು ತುಂಬಿಕೊಳ್ಳುವುದಕ್ಕೆ ಇಂತಹ ವೃದ್ಧಿಕಾರಕಗಳೇ ಆಧಾರ. 1984ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಆರು ವರ್ಷದ ಬಾಲಿಕೆಯೊಬ್ಬಳಿಗೆ ಹೃದಯವನ್ನೂ ಯಕೃತ್ತನ್ನೂ ಒಮ್ಮೆಗೇ ಕಸಿಮಾಡಿದರು. ಹುಟ್ಟಿನ ದೋಷದಿಂದ 1000 ಮಿಲಿಗ್ರಾಂ ಮೀರಿದ್ದ ಅವಳ ರಕ್ತದ ಕೊಲೆಸ್ಟರಾಲ್, ಹೊಸ ಯಕೃತ್ತು ಅದನ್ನು ಹೀರತೊಡಗಿದೊಡನೆ 300ರ ಆಸುಪಾಸಿಗೆ ಇಳಿಯಿತು. ವಿಚಿತ್ರವೆಂದರೆ, ಪರರ ಅಂಗವನ್ನು ದೇಹವು ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್, ಸ್ಟೀರಾಯ್ಡ್ ಮೊದಲಾದ ಔಷಧಗಳೇ ಕೊಲೆಸ್ಟರಾಲನ್ನು ಏರಿಸುತ್ತವೆ. ಕಸಿಯಾದ ಯಕೃತ್ತು ಚೆನ್ನಾಗಿದ್ದೂ ಹೃದಯವ್ಯಾಧಿಯಿಂದ ಸಾಯುವವರುಂಟು. ಆದುದರಿಂದ ವೈದ್ಯರು ಅವರ ರಕ್ತವನ್ನು ವರ್ಷವರ್ಷವೂ ಪರೀಕ್ಷಿಸುತ್ತಾರೆ.

ಕರೆಲ್‌ನ ಕೈಗೆ ಇದ್ದ ವಿವೇಕವು ಆತನ ಬುದ್ಧಿಗೆ ಇರಲಿಲ್ಲವೆಂದು ನಾವು ಹೇಳಲೇಬೇಕಾಗಿದೆ. 1935ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆತನು ಉತ್ತಮ ಕುಲದ ಮನುಷ್ಯರನ್ನು ಬೆಳೆಸಬೇಕೆಂದು ವಾದಿಸಿ, ಘೋರ ಅಪರಾಧಿಗಳನ್ನು ವಿಷಾನಿಲದಿಂದ ಮುಗಿಸಬಹುದೆಂದು ಬರೆದನು. ಜರ್ಮನಿಯು ಫ್ರಾನ್ಸನ್ನು ಆಕ್ರಮಿಸಿದ ಮೇಲೆ, 1941ರಲ್ಲಿ, ವಿಶಿ ಸರಕಾರದ ಆಶ್ರಯದಲ್ಲಿ ಸಂಶೋಧನ ಸಂಸ್ಥೆಯೊಂದನ್ನು ನಡೆಸಲು ಒಪ್ಪಿಕೊಂಡನು. ಪ್ಯಾರಿಸ್ ಬಿಡುಗಡೆಯಾದ ಕೆಲವೇ ತಿಂಗಳಿಗೆ, ವಿಚಾರಣೆಗೆ ಮೊದಲೇ, 1944ರ ನವೆಂಬರ್ 5ರಂದು ಹೃದಯವ್ಯಾಧಿಯಿಂದ ತೀರಿಕೊಂಡನು. ಲಿಯಾನಿನ ವೈದ್ಯಶಾಲೆಯೊಂದಕ್ಕೆ ಆತನ ಹೆಸರನ್ನಿಟ್ಟಿದ್ದರು. 1996ರಲ್ಲಿ ಅದನ್ನು ತೆಗೆದು ಲೆನೆಕ್‌ನ ಹೆಸರನ್ನಿಟ್ಟರು.